ಪೆನ್ಸಿಲ್‌ನ ಕಪ್ಪು, ಮುಖದ ಬಿಳುಪು

ನಮ್ಮೂರಿನ ಸ್ಟುಡಿಯೋದ ಒಳಕೋಣೆಯಲ್ಲಿ ಒಂದು ಓರೆ ಮೇಜಿತ್ತು. ಅದರ ನಡುವೆ ಅಂಗೈಯಗಲದ ಹಾಲುಗಾಜು, ಗಾಜಿನ ಕೆಳಗೊಂದು ಬಲ್ಬು. ಸ್ಟುಡಿಯೋ ಮಾಲೀಕರು ದೊಡ್ಡ ನೆಗೆಟಿವನ್ನು ಆ ಗಾಜಿನ ಮೇಲಿಟ್ಟು, ಭೂತಗನ್ನಡಿಯಲ್ಲಿ ಇಣುಕುತ್ತ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಪುಟ್ಟ ಪುಟ್ಟ ಸುಳಿಗಳನ್ನು ಹಾಕುತ್ತಿದ್ದರು. ಚಿಕ್ಕಮ್ಮನ ಫೋಟೊ ಗಂಡಿನ ಕಡೆಯವರಿಗೆ ಹೋಗಬೇಕಿತ್ತು. 'ಸ್ವಲ್ಪ ಟಚಿಂಗ್ ಮಾಡಿ ಕೊಡುತ್ತೇನೆ, ನಾಳೆ ಬನ್ನಿ' ಎಂದರು. ಮರುದಿನ ಬಂದ ಫೋಟೊದಲ್ಲಿ ಚಿಕ್ಕಮ್ಮ ಇದ್ದಳು, ಅವಳ ಬಣ್ಣ ಇರಲಿಲ್ಲ. ಅಜ್ಜಿ ಅದನ್ನು ದೂರ ಹಿಡಿದು ನೋಡಿ, 'ಇದು ಯಾರ ಮನೆ ಹುಡುಗಿ?' ಎಂದು ಕೇಳಿದರು.

ನೆಗೆಟಿವಿನಲ್ಲಿ ಲೋಕ ತಿರುಗುಮುರುಗು. ಕೂದಲು ತಿಳಿ, ಹಲ್ಲು ಕಪ್ಪು. ಪೆನ್ಸಿಲಿನ ಪುಡಿ ಕೂತ ಕಡೆ ಬೆಳಕು ಕಡಿಮೆ ದಾಟುತ್ತದೆ, ಕೆಳಗಿನ ಕಾಗದ ಅಷ್ಟರಮಟ್ಟಿಗೆ ಬೆಳ್ಳಗೆ ಉಳಿಯುತ್ತದೆ. ಅಂದರೆ ಕಪ್ಪು ಹಚ್ಚಿದಷ್ಟೂ ಮುಖ ಬೆಳ್ಳಗಾಗುತ್ತ ಹೋಗುತ್ತದೆ. ಸುಳ್ಳು ಹೇಳುವುದು ಪೆನ್ಸಿಲ್ ಮಾತ್ರ, ಕ್ಯಾಮೆರಾ ಪಾಪ ಕಂಡದ್ದನ್ನು ಕಂಡ ಹಾಗೆ ಹಿಡಿಯುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ತಪ್ಪು.

ಮೊದಲು ಚರ್ಮದ ವಿಷಯ. ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ಮಾಡುತ್ತವೆ, ಯಾವ ಬಗೆಯದನ್ನು ಮಾಡುತ್ತವೆ, ಅದರ ಕಣಗಳು ಎಷ್ಟು ದೊಡ್ಡವು, ಹೇಗೆ ಹರಡಿಕೊಂಡಿವೆ ಎಂಬುದರಲ್ಲಿದೆ ವ್ಯತ್ಯಾಸವೆಲ್ಲ. ಮೆಲನಿನ್ ಹೆಚ್ಚಿದ್ದರೆ ಬಿದ್ದ ಬೆಳಕನ್ನು ಚರ್ಮ ಹೆಚ್ಚು ಹೀರಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಮರಳುವುದು ಕಡಿಮೆ. ಛಾಯಾಗ್ರಾಹಕರ ಲೆಕ್ಕದಲ್ಲಿ ಬಿಳಿಯರ ಮುಖ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 36 ಪಾಲನ್ನು ಹಿಂದಿರುಗಿಸುತ್ತದೆ. ಕಡುಗಪ್ಪು ಮುಖ ಅದರ ಮೂರರಲ್ಲೊಂದು ಪಾಲನ್ನೂ ಹಿಂದಿರುಗಿಸದಿರಬಹುದು.

ಇನ್ನು ಕ್ಯಾಮೆರಾದ ಬೆಳಕುಮಾಪಕ. ತನ್ನೆದುರಿಗೆ ಇರುವುದು ಕಪ್ಪು ಎಮ್ಮೆಯೋ ಬಿಳಿ ಗೋಡೆಯೋ ಅದಕ್ಕೆ ತಿಳಿಯದು. ಎದುರಿನ ದೃಶ್ಯ ಸರಾಸರಿಯಲ್ಲಿ ನೂರಕ್ಕೆ 18 ಪಾಲು ಬೆಳಕನ್ನು ಮರಳಿಸುವ ಬೂದುಬಣ್ಣದ್ದು ಎಂದು ಊಹಿಸಿಕೊಂಡೇ ಅದು ಕೆಲಸ ಶುರುಮಾಡುತ್ತದೆ. ಹಳೆಯ ಮದುವೆ ಆಲ್ಬಮ್ ತೆರೆದರೆ ಇದರ ಫಲ ಕಾಣುತ್ತದೆ. ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಶಲ್ಯ ತೊಟ್ಟ ಕಪ್ಪಗಿನ ಮದುಮಗ. ಮಾಪಕ ಆ ಬಿಳುಪನ್ನೆಲ್ಲ ನೋಡಿ 'ಬೆಳಕು ಜಾಸ್ತಿಯಾಯಿತು' ಎಂದು ತೀರ್ಮಾನಿಸಿ ಕಿಂಡಿಯನ್ನು ಕಿರಿದುಮಾಡುತ್ತದೆ. ಪಂಚೆಯ ಜರಿ ಎಳೆಎಳೆಯಾಗಿ ಬಂದಿರುತ್ತದೆ, ಮದುಮಗನ ಮುಖವಿರಬೇಕಾದಲ್ಲಿ ಎರಡು ಕಣ್ಣು ಮತ್ತು ಬಾಸಿಂಗ. ಒಂದೇ ಫಿಲ್ಮಿನಲ್ಲಿ ತುಂಬ ಬೆಳ್ಳಗಿನದನ್ನೂ ತುಂಬ ಕಪ್ಪಗಿನದನ್ನೂ ವಿವರ ಕೆಡದಂತೆ ಹಿಡಿಯುವ ತಾಕತ್ತಿಗೆ ಮಿತಿಯಿದೆ. ಯಾವ ತುದಿಯನ್ನು ಬಲಿಕೊಡಬೇಕು ಎಂದು ಯಾರೋ ಒಬ್ಬರು ಎಲ್ಲೋ ತೀರ್ಮಾನಿಸಲೇಬೇಕು.

ಆ ತೀರ್ಮಾನದ ಗುರುತು ಒಂದು ಕಾರ್ಡಿನಲ್ಲಿ ಉಳಿದಿದೆ. 1954ರವರೆಗೆ ಅಮೆರಿಕದಲ್ಲಿ ಕೊಡಾಕ್ ಕಂಪನಿ ಬಣ್ಣದ ಫಿಲ್ಮನ್ನೂ ಅದನ್ನು ತೊಳೆದು ಪ್ರಿಂಟ್ ಹಾಕುವ ಕೆಲಸವನ್ನೂ ಒಟ್ಟಿಗೆ ಮಾರುತ್ತಿತ್ತು. ಸರ್ಕಾರ ಈ ಏಕಸ್ವಾಮ್ಯವನ್ನು ಮುರಿದಾಗ ಬೇರೆ ಲ್ಯಾಬುಗಳು ಹುಟ್ಟಿಕೊಂಡವು. ಅವುಗಳ ಯಂತ್ರ ಸರಿಯಾದ ಬಣ್ಣ ಕೊಡುತ್ತಿದೆಯೇ ಎಂದು ತಾಳೆ ನೋಡಲು ಕೊಡಾಕ್ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದವಳು ಕಂಪನಿಯಲ್ಲೇ ಕೆಲಸಕ್ಕಿದ್ದ ಶರ್ಲಿ ಎಂಬ ಬಿಳಿ ಹೆಂಗಸು. ಮುಂದೆ ರೂಪದರ್ಶಿಗಳು ಬದಲಾದರೂ ಹೆಸರು ಬದಲಾಗಲಿಲ್ಲ, ಬಿಳಿ ಚರ್ಮವೂ ಬದಲಾಗಲಿಲ್ಲ. ಲ್ಯಾಬಿನವರ ಬಾಯಲ್ಲಿ ಅದು 'ಶರ್ಲಿ ಕಾರ್ಡ್'. ಕೆಲವು ಕಾರ್ಡುಗಳ ಮೇಲೆ 'ನಾರ್ಮಲ್' ಎಂದು ಅಚ್ಚಾಗಿತ್ತು. ಅವಳ ಕೆನ್ನೆ ಸರಿಯಾಗಿ ಬಂದರೆ ಯಂತ್ರ ಸರಿಯಿದೆ ಎಂದರ್ಥ. ಅದೇ ಯಂತ್ರದಲ್ಲಿ ಬಿಳಿ ಮತ್ತು ಕಪ್ಪು ಮಕ್ಕಳು ಒಟ್ಟಿಗೆ ನಿಂತ ಶಾಲೆಯ ಫೋಟೊ ಹೊರಬಂದಾಗ, ಕಪ್ಪು ಮಕ್ಕಳದು ಹಲ್ಲು ಮತ್ತು ಕಣ್ಣಿನ ಬಿಳಿ ಮಾತ್ರ.

ತಾಯಂದಿರು ದೂರಿದರು. ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಲೋರ್ನಾ ರಾತ್ ಈ ಚರಿತ್ರೆಯನ್ನು ಕೆದಕುತ್ತ ಕೊಡಾಕ್‌ನ ಹಳೆಯ ಉದ್ಯೋಗಿಗಳನ್ನು ಮಾತಾಡಿಸಿದರು. ಆಗ ಹೊರಬಿದ್ದ ಸಂಗತಿ ನಗು ತರಿಸುವಂಥದ್ದು, ನಕ್ಕ ಮೇಲೆ ಸಂಕಟವಾಗುವಂಥದ್ದು. ಕಂದುಬಣ್ಣವನ್ನು ಚೆನ್ನಾಗಿ ಹಿಡಿಯುವಂತೆ ಫಿಲ್ಮನ್ನು ತಿದ್ದಲು ಕಂಪನಿ ಮನಸ್ಸು ಮಾಡಿದ್ದು ಚಾಕೊಲೇಟ್ ತಯಾರಕರ ಮತ್ತು ಮರದ ಪೀಠೋಪಕರಣ ಮಾರುವವರ ತಕರಾರಿಗೆ. ಡಾರ್ಕ್ ಚಾಕೊಲೇಟಿಗೂ ಮಿಲ್ಕ್ ಚಾಕೊಲೇಟಿಗೂ ಜಾಹೀರಾತಿನಲ್ಲಿ ಭೇದವೇ ತಿಳಿಯುತ್ತಿಲ್ಲ, ಈ ಮರಕ್ಕೂ ಆ ಮರಕ್ಕೂ ವ್ಯತ್ಯಾಸ ಕಾಣುತ್ತಿಲ್ಲ ಎಂಬುದು ಅವರ ಅಳಲು. ತಾಯಂದಿರ ಕೈಯಲ್ಲಿ ಆಗದ್ದನ್ನು ಮೇಜು ಕುರ್ಚಿಗಳು ಮಾಡಿಸಿದವು. ಸುಧಾರಿಸಿದ ಫಿಲ್ಮ್ ಮಾರುಕಟ್ಟೆಗೆ ಬಂದಾಗಲೂ ಕಂಪನಿಯವರು ಅದರ ಗುಣಗಾನ ಮಾಡಿದ್ದು, ಮಬ್ಬು ಬೆಳಕಿನಲ್ಲಿ ಕಪ್ಪು ಕುದುರೆಯ ವಿವರಗಳನ್ನೂ ಇದು ಹಿಡಿಯುತ್ತದೆ ಎಂದು. ಮನುಷ್ಯರ ಹೆಸರೆತ್ತಲು ಅಷ್ಟು ಸಂಕೋಚ. ಬಿಳಿ, ಕಪ್ಪು, ಏಷ್ಯಾದ ಹೆಂಗಸರು ಒಟ್ಟಿಗೆ ಕುಳಿತ ಶರ್ಲಿ ಕಾರ್ಡ್ ಬರಲು 1990ರ ದಶಕದ ನಡುಭಾಗವಾಯಿತು.

ಅದಕ್ಕೂ ಮೊದಲೇ, 1970ರ ದಶಕದ ಕೊನೆಯಲ್ಲಿ, ಮೊಜಾಂಬಿಕ್ ಸರ್ಕಾರದ ಕೆಲಸಕ್ಕೆಂದು ಹೋಗಿದ್ದ ಫ್ರೆಂಚ್ ನಿರ್ದೇಶಕ ಗೊದಾರ್, ಈ ಫಿಲ್ಮೇ ವರ್ಣದ್ವೇಷಿ ಎಂದು ಹೇಳಿ ಕೊಡಾಕ್ ಬಳಸಲು ಒಪ್ಪಲಿಲ್ಲ ಎನ್ನುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಕತೆ ಇನ್ನೂ ಕಟು. ಅಲ್ಲಿ ವರ್ಣಭೇದ ಆಡಳಿತದಲ್ಲಿ ಕಪ್ಪು ಜನ ಸದಾ ಜೇಬಿನಲ್ಲಿಟ್ಟುಕೊಳ್ಳಬೇಕಿದ್ದ ಗುರುತಿನ ಪಾಸ್‌ಪುಸ್ತಕಗಳಿಗೆ ಫೋಟೊ ತೆಗೆಯಲು ಪೋಲರಾಯ್ಡ್ ಕಂಪನಿಯ ಐಡಿ-2 ಕ್ಯಾಮೆರಾ ಬಳಕೆಯಲ್ಲಿತ್ತು. ಅದರ ಹಿಂಭಾಗದಲ್ಲೊಂದು ಗುಂಡಿ. ಒತ್ತಿದರೆ ಫ್ಲಾಷ್ ಬೆಳಕು ಸುಮಾರು ಶೇ. 42ರಷ್ಟು ಏರುತ್ತಿತ್ತು. ಕಪ್ಪು ಮುಖಕ್ಕೆ ಎಷ್ಟು ಬೆಳಕು ಬೇಕು ಎಂಬ ಲೆಕ್ಕ ಎಂಜಿನಿಯರುಗಳಿಗೆ ಗೊತ್ತಿರಲಿಲ್ಲವೆಂದಲ್ಲ. ಮನೆಯ ಆಲ್ಬಮಿಗೆ ಬೇಡವಾದ ಲೆಕ್ಕ ಪೊಲೀಸರ ಕಡತಕ್ಕೆ ಬೇಕಾಯಿತು. 1970ರಲ್ಲಿ ಅದೇ ಕಂಪನಿಯ ಇಬ್ಬರು ಕಪ್ಪು ಉದ್ಯೋಗಿಗಳು, ರಸಾಯನತಜ್ಞೆ ಕೆರೊಲಿನ್ ಹಂಟರ್ ಮತ್ತು ಛಾಯಾಗ್ರಾಹಕ ಕೆನ್ ವಿಲಿಯಮ್ಸ್, ಇದರ ವಿರುದ್ಧ ಚಳವಳಿ ಹೂಡಿದರು. ಪೋಲರಾಯ್ಡ್ ಆ ದೇಶದಿಂದ ಕಾಲ್ತೆಗೆದದ್ದು 1977ರಲ್ಲಿ.

ಇಷ್ಟನ್ನು ಹೇಳಿದ ಮೇಲೆ ಹಾಲಿವುಡ್ಡಿನ 'ವೈಟ್‌ವಾಷಿಂಗ್' ಬೇರೆ ಕತೆ ಎಂದು ನನಗೆ ಅನ್ನಿಸುವುದಿಲ್ಲ. ಸುಣ್ಣ ಬಳಿಯುವುದು ಎಂದು ನಾವು ಹೇಳಬಹುದಾದ ಈ ಮಾತಿಗೆ ಸಿನಿಮಾದಲ್ಲಿ ಅರ್ಥ, ಬೇರೆ ಬಣ್ಣದವರ ಪಾತ್ರವನ್ನು ಬಿಳಿಯರಿಗೆ ಕೊಡುವುದು. 1937ರಲ್ಲಿ ಚೀನಾದ ರೈತಕುಟುಂಬವೊಂದರ ಕತೆಯನ್ನು ಎಂಜಿಎಂ ಕಂಪನಿ ಚಿತ್ರ ಮಾಡಿತು. ಚೀನೀ ಮೂಲದ ಅಮೆರಿಕನ್ ನಟಿ ಆನ ಮೇ ವಾಂಗ್ ಕೈಯಳತೆಯಲ್ಲೇ ಇದ್ದರು. ನಾಯಕನ ಪಾತ್ರ ಬಿಳಿಯ ಪಾಲ್ ಮುನಿಯ ಪಾಲಾಗಿತ್ತು. ಬಿಳಿಯರು ಮತ್ತು ಬೇರೆ ಬಣ್ಣದವರ ಪ್ರಣಯವನ್ನು ತೆರೆಗೆ ತರಬಾರದೆಂದು ಆಗಿನ ಚಿತ್ರೋದ್ಯಮ ತನಗೆ ತಾನೇ ಹಾಕಿಕೊಂಡಿದ್ದ ಕಟ್ಟುಪಾಡು ಬೇರೆ. ನಾಯಕಿಯಾದವರು ಲೂಯಿ ರೈನರ್, ಆಸ್ಕರ್ ಬಂದದ್ದೂ ಅವರಿಗೇ. ವಾಂಗ್‌ಗೆ ಸಂಸಾರ ಒಡೆಯುವ ಕೆಡುಕಿಯ ಪಾತ್ರ ಕೊಡಬಂದರು. ಅವರು ಬೇಡವೆಂದರು.

ಅದೇ ವರ್ಷ ನಮ್ಮ ಮೈಸೂರು ಸೀಮೆಯೂ ತೆರೆಯ ಮೇಲೆ ಬಂತು. ಕಬಿನಿ ದಡದ ಕಾರಾಪುರದ ಮಾವುತರ ಮನೆಯ ಹುಡುಗ ಸಾಬು ಬ್ರಿಟಿಷ್ ಚಿತ್ರವೊಂದರಲ್ಲಿ ಆನೆಯ ಹುಡುಗನಾಗಿ ನಟಿಸಿ ಜಗತ್ತಿನ ಕಣ್ಣಿಗೆ ಬಿದ್ದ. ಹುಡುಗ ಅಸಲಿ, ಆನೆ ಅಸಲಿ, ಕಾಡು ಅಸಲಿ. ತೆರೆಯ ಮೇಲಿನ ಅವನ ಅಪ್ಪ ಮಾತ್ರ ಬಣ್ಣ ಹಚ್ಚಿಕೊಂಡ ಬಿಳಿಯ ನಟ. ಹತ್ತು ವರ್ಷದ ಮೇಲೆ, 1947ರಲ್ಲಿ, ಹಿಮಾಲಯದ ಕತೆಯೊಂದರಲ್ಲಿ ಸಾಬುವಿಗೆ ಜೋಡಿಯಾದ ಭಾರತೀಯ ಹುಡುಗಿಯೂ ಕಂದು ಮೇಕಪ್ ಬಳಿದುಕೊಂಡ ಬ್ರಿಟಿಷ್ ನಟಿ ಜೀನ್ ಸಿಮನ್ಸ್. ಆ ಚಿತ್ರದ ಬಣ್ಣದ ಛಾಯಾಗ್ರಹಣಕ್ಕೆ ಆಸ್ಕರ್ ಸಿಕ್ಕಿತು. ಒಂದೇ ಚೌಕಟ್ಟಿನಲ್ಲಿ ಹುಟ್ಟಿನಿಂದ ಬಂದ ಕಂದು ಮತ್ತು ಡಬ್ಬಿಯಿಂದ ಬಂದ ಕಂದು.

ಡಬ್ಬಿಯದೂ ಒಂದು ಚರಿತ್ರೆಯಿದೆ. ನಮ್ಮ ನಾಟಕದವರೂ ಇಂದಿಗೂ 'ಪ್ಯಾನ್‌ಕೇಕ್' ಎನ್ನುವ ಮೇಕಪ್ಪನ್ನು 1930ರ ದಶಕದಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಎಂಬ ಮೇಕಪ್ ಕಂಪನಿ ತಯಾರಿಸಿದ್ದು ಟೆಕ್ನಿಕಲರ್ ಎಂಬ ಬಣ್ಣದ ಚಿತ್ರಗಳಿಗಾಗಿ. ಗಾಯಕಿ, ನಟಿ ಲೀನಾ ಹಾರ್ನ್ ಹೇಳಿಕೊಳ್ಳುತ್ತಿದ್ದ ಕತೆಯೊಂದಿದೆ. ತನ್ನ ತಿಳಿಕಂದು ಮುಖ ತೆರೆಯ ಮೇಲೆ ಬಿಳಿಯರದಂತೆ ಕಾಣಬಾರದೆಂದು ತನಗಾಗಿ 'ಲೈಟ್ ಈಜಿಪ್ಶಿಯನ್' ಎಂಬ ಛಾಯೆ ಮಾಡಿಸಿದರು, ಆಮೇಲೆ ಅದನ್ನೇ ಬಿಳಿ ನಟಿಯರಿಗೆ ಹಚ್ಚಿ ತನಗೆ ಸಿಗಬಹುದಾಗಿದ್ದ ಪಾತ್ರಗಳನ್ನು ಅವರಿಗೆ ಕೊಟ್ಟರು ಎಂದು. 1951ರ 'ಶೋ ಬೋಟ್' ಚಿತ್ರದ ಮಿಶ್ರವರ್ಣದ ಜೂಲಿ ಹಾರ್ನ್ ಆಸೆಪಟ್ಟಿದ್ದ ಪಾತ್ರ. ತೆರೆಯ ಮೇಲೆ ಬಂದವರು ಬಿಳಿಯ ನಟಿ ಏವಾ ಗಾರ್ಡ್ನರ್.

ಮುಖವನ್ನು ಕಪ್ಪಾಗಿಸುವ ಕೈಚಳಕವೂ ಉಂಟು. 1994ರ ಜೂನ್‌ನಲ್ಲಿ ಅಮೆರಿಕನ್ ಫುಟ್‌ಬಾಲಿನ ಕಪ್ಪು ತಾರೆ ಓ.ಜೆ. ಸಿಂಪ್ಸನ್ ಕೊಲೆಯ ಆರೋಪದಲ್ಲಿ ಬಂಧನವಾದಾಗ ಪೊಲೀಸರು ತೆಗೆದ ಒಂದೇ ಫೋಟೊ 'ಟೈಮ್' ಮತ್ತು 'ನ್ಯೂಸ್‌ವೀಕ್' ಎರಡರ ಮುಖಪುಟಕ್ಕೂ ಬಂತು. 'ಟೈಮ್'ನಲ್ಲಿ ಮಾತ್ರ ಮುಖ ಕಡುವಾಗಿತ್ತು, ಸುತ್ತ ನೆರಳು ಕವಿದಿತ್ತು. ಅಂಗಡಿಯ ಕಟ್ಟೆಯಲ್ಲಿ ಎರಡೂ ಅಕ್ಕಪಕ್ಕ ಕೂತದ್ದರಿಂದ ಕಳ್ಳತನ ಬಯಲಾಯಿತು. ಒಂದೇ ಪತ್ರಿಕೆ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾದರೆ ಕಪ್ಪು ಮುಖವನ್ನು ಸರಿಯಾಗಿ ತೆಗೆಯುವುದು ಹೇಗೆ? ಬೆಳಕು ಸುರಿಯುವುದೇ ಉಪಾಯ ಎಂದು ತಿಳಿದವರು ಮುಖವನ್ನು ಬೂದಿ ಬಳಿದಂತೆ ಮಾಡುತ್ತಾರೆ. ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು. ಚರ್ಮ ಬೆಳಕನ್ನು ಎರಡು ಬಗೆಯಲ್ಲಿ ಮರಳಿಸುತ್ತದೆ. ಒಳಹೊಕ್ಕು, ಚದುರಿ, ಮೆಲನಿನ್ ಹೀರಿದ ಮೇಲೆ ಉಳಿದು ಹೊರಬರುವುದು ಒಂದು. ಚರ್ಮದ ಹೊರಪದರಕ್ಕೆ ತಗುಲಿ ಕನ್ನಡಿಯಿಂದ ಚಿಮ್ಮಿದಂತೆ ಚಿಮ್ಮುವುದು ಇನ್ನೊಂದು. ಎರಡನೆಯದು ನೂರಕ್ಕೆ ನಾಲ್ಕೈದು ಪಾಲು ಮಾತ್ರ, ಬಣ್ಣ ಯಾವುದಾದರೂ ಅಷ್ಟೇ. ಬೆಳ್ಳಗಿನ ಮುಖದಲ್ಲಿ ಈ ಹೊಳಪು ಉಳಿದ ಬೆಳಕಿನೊಳಗೆ ಕಳೆದುಹೋಗುತ್ತದೆ. ಕಪ್ಪಗಿನ ಮುಖದಲ್ಲಿ ಅದೇ ಎದ್ದು ಕಂಡು ಕೆನ್ನೆಯ ದುಂಡು, ಮೂಗಿನ ಏಣು, ಹಣೆಯ ಬಾಗನ್ನು ಬರೆದು ತೋರಿಸುತ್ತದೆ.

ನಮ್ಮ ಅರ್ಚಕರಿಗೆ ಇದು ಹೊಸದೇನಲ್ಲ. ಗರ್ಭಗುಡಿಯ ಕರಿಕಲ್ಲಿನ ಮೂರ್ತಿಗೆ ಎಣ್ಣೆ ಹಚ್ಚಿ, ಒಂದೇ ನಂದಾದೀಪವನ್ನು ಪಕ್ಕದಲ್ಲಿಡುತ್ತಾರೆ. ಮಂಗಳಾರತಿ ಎತ್ತಿದಾಗ ತುಟಿ, ಗಲ್ಲ, ರೆಪ್ಪೆ ಒಂದೊಂದಾಗಿ ಬೆಳಗುತ್ತವೆ. ಅದೇ ಮೂರ್ತಿಗೆ ಎದುರಿನಿಂದ ಟ್ಯೂಬ್‌ಲೈಟ್ ಹಾಕಿ ನೋಡಿ, ಬರಿಯ ಕಲ್ಲು. 'ಮೂನ್‌ಲೈಟ್' ಎಂಬ 2016ರ ಅಮೆರಿಕನ್ ಚಿತ್ರದಲ್ಲಿ ಛಾಯಾಗ್ರಾಹಕ ಜೇಮ್ಸ್ ಲ್ಯಾಕ್ಸ್ಟನ್ ಕಪ್ಪು ನಟರ ಮುಖದ ಮೇಲಿನ ಜಿಡ್ಡಿನ ಹೊಳಪನ್ನು ಪೌಡರಿನಿಂದ ಮುಚ್ಚಿಸದೆ ಎಣ್ಣೆಯಿಂದ ಹೆಚ್ಚಿಸಿದರು, ನೆರಳನ್ನು ನೆರಳಾಗಿಯೇ ಬಿಟ್ಟರು. ಅದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಮದುವೆ ಮಾತುಕತೆಯ ಒಂದು ಶಬ್ದ, ಎಣ್ಣೆಗೆಂಪು. ಕಪ್ಪು ಎನ್ನಲು ಬಾಯಿ ಬಾರದವರು ಕಂಡುಕೊಂಡ ಸವಿಮಾತು ಅದು. ಆದರೂ ಚರ್ಮದ ಬಣ್ಣವನ್ನೂ ಅದರ ಮೇಲಿನ ಹೊಳಪನ್ನೂ ಬೇರೆ ಬೇರೆಯಾಗಿ ಗಮನಿಸಿದ ಕಣ್ಣು ಅದರ ಹಿಂದಿದೆ. ಇದು ಶರ್ಲಿ ಕಾರ್ಡ್ ಮಾಡಿದವರಿಗೆ ಇಲ್ಲದಿದ್ದ ಕಣ್ಣು.

ಫಿಲ್ಮ್ ಹೋಯಿತು, ಡಿಜಿಟಲ್ ಬಂತು, ಶರ್ಲಿ ವೇಷ ಬದಲಿಸಿದಳು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿನಿಯಾಗಿದ್ದ ಜಾಯ್ ಬುಲಮ್ವಿನಿಯ ಮುಖವನ್ನು ಕಂಪ್ಯೂಟರ್ ಗುರುತಿಸಲಿಲ್ಲ. ಬಿಳಿ ಮುಖವಾಡ ಹಾಕಿಕೊಂಡ ಕೂಡಲೇ ಗುರುತಿಸಿತು. ಆಕೆ ಸಂಶೋಧಕಿ ಟಿಮ್ನಿಟ್ ಗೆಬ್ರೂ ಜೊತೆಗೂಡಿ ಮೂರು ಆಫ್ರಿಕನ್ ಮತ್ತು ಮೂರು ಯುರೋಪಿಯನ್ ದೇಶಗಳ 1,270 ಸಂಸದರ ಫೋಟೊ ಇಟ್ಟು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ವ್ಯವಸ್ಥೆಗಳನ್ನು ಪರೀಕ್ಷಿಸಿದರು. 2018ರಲ್ಲಿ ಫಲಿತಾಂಶ ಹೊರಬಂತು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8ನ್ನು ದಾಟಲಿಲ್ಲ, ಕಪ್ಪು ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೆ ಹೋಯಿತು. ಎರಡು ವರ್ಷದ ಬಳಿಕ ಮಸುಕು ಚಿತ್ರವನ್ನು ಸ್ಪಷ್ಟಗೊಳಿಸುವ ಒಂದು ತಂತ್ರಾಂಶಕ್ಕೆ ಯಾರೋ ಬರಾಕ್ ಒಬಾಮರ ಮಸುಕಾದ ಫೋಟೊ ಉಣಿಸಿದರು. ಅದು ಒಬ್ಬ ಬಿಳಿಯನನ್ನು ಹೊರಹಾಕಿತು. ಇದರಲ್ಲಿ ದ್ವೇಷವನ್ನು ಹುಡುಕಿದರೆ ಸಿಗುವುದಿಲ್ಲ. ತಂತ್ರಾಂಶ ಕಲಿತದ್ದು ತನಗೆ ತೋರಿಸಿದ ಮುಖಗಳಿಂದ. ಖಾಲಿ ಜಾಗ ಸಿಕ್ಕಲ್ಲೆಲ್ಲ ಅದು ತಾನು ಹೆಚ್ಚು ಕಂಡದ್ದನ್ನೇ ತುಂಬುತ್ತದೆ, ನಾವು ಕೇಳಿಸದ ಪದದ ಜಾಗದಲ್ಲಿ ಗೊತ್ತಿರುವ ಪದವನ್ನು ಕೇಳಿಸಿಕೊಳ್ಳುವ ಹಾಗೆ. ಈಚೆಗೆ ಕೆಲವು ಮೊಬೈಲ್ ಕಂಪನಿಗಳು ಇದನ್ನು ತಿದ್ದಲು ಹೊರಟಿವೆ. ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ ಹತ್ತು ಛಾಯೆಗಳ ಅಳತೆಪಟ್ಟಿಯನ್ನು ಗೂಗಲ್ 2022ರಲ್ಲಿ ಬಳಕೆಗೆ ತಂದಿತು.

ಹಾಗೆಂದು ಬಿಳಿಯರ ಕಾರ್ಖಾನೆಯ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆಯುವಂತಿಲ್ಲ. ದ್ರೌಪದಿಗೆ ಕೃಷ್ಣೆ ಎಂದು ಹೆಸರು ಬಂದದ್ದೇ ಅವಳ ಕಪ್ಪಿನಿಂದ. ನಮ್ಮ ಕ್ಯಾಲೆಂಡರುಗಳಲ್ಲಿ ಅವಳು ಕೆನೆಹಾಲಿನ ಬಣ್ಣದವಳು. 2019ರ ಹಿಂದಿ ಚಿತ್ರ 'ಬಾಲಾ'ದಲ್ಲಿ ಕಪ್ಪು ಬಣ್ಣಕ್ಕಾಗಿ ನೊಂದ ಹುಡುಗಿಯ ಪಾತ್ರಕ್ಕೆ ಬೆಳ್ಳಗಿನ ನಟಿಯ ಮುಖಕ್ಕೆ ಕಪ್ಪು ಬಳಿದರು. ಕಪ್ಪಗಿನವರ ನೋವಿನ ಕತೆಯಲ್ಲೂ ಕಪ್ಪಗಿನವಳಿಗೆ ಜಾಗವಿಲ್ಲ ಎಂದರೆ ಲೈಟ್ ಈಜಿಪ್ಶಿಯನ್ ಡಬ್ಬಿ ನಮ್ಮ ಕಪಾಟಿಗೂ ಬಂದಿದೆ ಎಂದೇ ಅರ್ಥ.

ಚಿಕ್ಕಮ್ಮ ಆ ಫೋಟೊವನ್ನು ಎಸೆದಿಲ್ಲ. ಹೋದ ಯುಗಾದಿಗೆ ಅವಳ ಮನೆಗೆ ಹೋದಾಗ ಟ್ರಂಕಿನಿಂದ ತೆಗೆದು ತೋರಿಸಿದಳು, ಜೊತೆಗೆ ಬೆಣ್ಣೆಕಾಗದದಲ್ಲಿ ಸುತ್ತಿಟ್ಟ ನೆಗೆಟಿವ್ ಕೂಡ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೆನ್ನೆಯ ಮೇಲೆ ಪೆನ್ಸಿಲಿನ ಸುಳಿಗಳು ಇಂದಿಗೂ ಮಿರುಗುತ್ತವೆ. 'ಎಷ್ಟು ಹೊತ್ತು ಕೂತು ತೀಡಿದ್ದನೋ ಪುಣ್ಯಾತ್ಮ' ಎಂದು ನಕ್ಕಳು. ಮಗಳು ಆ ಫೋಟೊವನ್ನು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಮೊಬೈಲ್ ಎತ್ತಿದಳು. ಕಾಗದದ ಮೇಲಿನ ಮುಖವನ್ನೂ ಮುಖವೆಂದೇ ಗುರುತಿಸಿದ ಮೊಬೈಲ್ ಅದರ ಸುತ್ತ ಹಳದಿ ಚೌಕ ಹಾಕಿ, ಬ್ಯೂಟಿ ಮೋಡ್‌ನಲ್ಲಿ ಅದನ್ನು ಇನ್ನೊಂದು ಸುತ್ತು ಬೆಳ್ಳಗೆ ಮಾಡಿ ಕಳಿಸಿತು.