ರೋಬೋಟ್ ಥೆರಪಿ: ಸ್ಟ್ರೋಕ್ ಆದ ಕೈಗೆ ಯಂತ್ರ ಏನು ಮಾಡುತ್ತದೆ?

ಸ್ಟ್ರೋಕ್‌ನಿಂದ ಸ್ವಾಧೀನ ತಪ್ಪಿದ ಕೈಗೆ ಯಂತ್ರದ ಸಹಾಯದಿಂದ ವ್ಯಾಯಾಮ ಮಾಡಿಸುವುದಕ್ಕೆ ರೋಬೋಟ್ ಥೆರಪಿ ಅಂತಾರೆ. ಹೆಸರು ಕೇಳಿದರೆ ಯಂತ್ರವೇ ಕೈ ಸರಿಮಾಡಿಬಿಡುತ್ತದೆ ಅನ್ನಿಸುತ್ತದೆ, ಅಲ್ವಾ? ಅಷ್ಟು ಸುಲಭ ಇಲ್ಲ.

ಕೈ ಬಿದ್ದುಹೋಯಿತು ಅಂತ ನಾವು ಹೇಳಿದರೂ ಪೆಟ್ಟು ಬಿದ್ದಿರುವುದು ಮಿದುಳಿಗೆ. ಸ್ನಾಯುಗಳಿಗೆ ಬರಬೇಕಾದ ಆಜ್ಞೆ ಸರಿಯಾಗಿ ಬರುತ್ತಿಲ್ಲ, ಅಷ್ಟೇ. ಆ ಕೆಲಸವನ್ನು ಮಿದುಳಿನ ಉಳಿದ ಭಾಗ ಸ್ವಲ್ಪಮಟ್ಟಿಗೆ ಕಲಿತುಕೊಳ್ಳಬಹುದು, ಆದರೆ ಅದಕ್ಕೆ ಅದೇ ಅಭ್ಯಾಸವನ್ನು ನೂರಾರು ಸಲ ಮಾಡಬೇಕು. ತೊಂದರೆ ಇರುವುದೇ ಇಲ್ಲಿ. ಅಮೆರಿಕ, ಕೆನಡಾಗಳಲ್ಲಿ ಥೆರಪಿ ನಡೆಯುವಾಗ ಪಕ್ಕದಲ್ಲೇ ಕೂತು ಎಣಿಸಿದ ಒಂದು ಅಧ್ಯಯನ 2009ರಲ್ಲಿ ಬಂತು. ವಸ್ತು ಹಿಡಿಯುವುದು, ಎತ್ತಿಡುವುದು ಇಂಥ ಕೆಲಸದ ಅಭ್ಯಾಸ ಒಂದು ಸೆಷನ್‌ಗೆ ಸರಾಸರಿ 32 ಸಲ ಮಾತ್ರ ಆಗುತ್ತಿತ್ತು.

ಈ ಕೊರತೆ ತುಂಬುವುದೇ ರೋಬೋಟ್‌ನ ಕೆಲಸ. 1990ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪಗೊಂಡ ಎಂಐಟಿ-ಮ್ಯಾನಸ್ ಅನ್ನುವ ರೋಬೋಟ್ ನೋಡಿ. ಮುಂದೋಳನ್ನು ಆಸರೆಗೆ ಕಟ್ಟಿ, ಕೈಗೆ ಒಂದು ಹಿಡಿಕೆ ಕೊಡುತ್ತಾರೆ. ಪರದೆ ಮೇಲೆ ಒಂದು ಗುರಿ ಕಾಣುತ್ತದೆ, ಅಲ್ಲಿಗೆ ಕೈ ಸರಿಸಬೇಕು. ಯಂತ್ರ ಮೊದಲು ಕಾಯುತ್ತದೆ. ಕೈ ಅಲ್ಲಾಡದಿದ್ದರೆ ಮೆಲ್ಲಗೆ ಒಯ್ಯುತ್ತದೆ, ತಾನೇ ಹೊರಟರೆ ಸಹಾಯ ಕಡಿಮೆ ಮಾಡುತ್ತದೆ. ನನ್ನ ಮಟ್ಟಿಗೆ ಇದರ ಜೀವಾಳ ಆ ಕಾಯುವಿಕೆ, ಯಾಕೆಂದರೆ ರೋಗಿ ಸುಮ್ನೆ ಕೂತು ಯಂತ್ರವೇ ಎಲ್ಲ ಮಾಡಿದರೆ ಮಿದುಳು ಕಲಿಯುವುದು ತೀರಾ ಕಡಿಮೆ. ಹೀಗೆ ಒಂದೇ ಸೆಷನ್‌ನಲ್ಲಿ ಸಾವಿರ ಸಲದವರೆಗೂ ಕೈ ಆಡಿಸಬಹುದು.

 

ಹಾಗಾದರೆ ಫಲ ಜಾಸ್ತಿಯಾ? ಬ್ರಿಟನ್ನಿನಲ್ಲಿ 770 ಜನರ ಮೇಲೆ ನಡೆದ ರಾಟುಲ್ಸ್ ಅನ್ನುವ ರೋಬೋಟ್ ಥೆರಪಿ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಕೈಯ ಚಲನೆ ಒಂದಿಷ್ಟು ಸುಧಾರಿಸಿತ್ತು, ಆದರೆ ಆ ಕೈಯಿಂದ ಕೆಲಸ ಮಾಡುವ ಸಾಮರ್ಥ್ಯ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿರಲಿಲ್ಲ. ಪರದೆ ಮೇಲಿನ ಗುರಿ ಮುಟ್ಟುವುದೇ ಬೇರೆ, ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಬೇರೆ.

ಅದಕ್ಕೇ ನಿಮ್ಮ ಮನೆಯವರಿಗೆ ಈ ಚಿಕಿತ್ಸೆ ಸೂಚಿಸಿದರೆ ಧೈರ್ಯವಾಗಿ ಕೇಳಿ: ಯಂತ್ರದ ಅಭ್ಯಾಸ ಮುಗಿದ ಮೇಲೆ ಅದೇ ಕೈಯಲ್ಲಿ ಲೋಟ ಹಿಡಿಸುತ್ತೀರಾ? ಮನೆಯಲ್ಲಿ ದಿನಾ ಏನು ಮಾಡಿಸಬೇಕು? ಭುಜ ನೋಯುತ್ತಿದ್ದರೆ ಅದನ್ನೂ ಥೆರಪಿಸ್ಟ್‌ಗೆ ಮೊದಲೇ ಹೇಳಿ.