ಕಲಾವಿದರ ಕಣ್ಣಿಗಾಗಿ ತೆಗೆಯುವ ಫೋಟೊ

ಸಭಾಂಗಣದ ಗೋಡೆಗೇರುವ ನಾಯಕರ ತೈಲವರ್ಣ ಭಾವಚಿತ್ರಕ್ಕೆ ಫೋಟೊ ತೆಗೆದುಕೊಡಿ ಎಂಬ ಕರೆ ಬಂದಾಗ, ಛಾಯಾಗ್ರಾಹಕರು ಮೊದಲು ಬಿಡಬೇಕಾದದ್ದು ತಮ್ಮದೇ ಒಂದು ಸೊಗಸಾದ ಚಿತ್ರ ತೆಗೆಯುವ ಆಸೆಯನ್ನು. ಅರ್ಧ ಮುಖ ಕತ್ತಲಲ್ಲಿ ಮುಳುಗಿದ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಒಪ್ಪುತ್ತದೆ. ಆದರೆ ಅದನ್ನು ನೋಡಿಕೊಂಡು ತಿಂಗಳುಗಟ್ಟಲೆ ಬಣ್ಣ ಹಚ್ಚುವ ಕಲಾವಿದರು ಆ ಕತ್ತಲಲ್ಲಿ ಕೆನ್ನೆ ಎಲ್ಲಿ ತಿರುಗಿತೆಂದು ಊಹಿಸಬೇಕಾಗುತ್ತದೆ. ನೆರಳಿನ ಭಾಗದಲ್ಲೂ ಚರ್ಮ ಕಾಣುವಂಥ, ನೋಡಲು ತುಸು ಸಪ್ಪೆಯಾದ ಫೋಟೊವೇ ಅವರಿಗೆ ಬೇಕು.

ಈ ಕೆಲಸ ಹೊಸದಲ್ಲ. 1864ರಲ್ಲಿ ಫ್ರಾನ್ಸಿಸ್ ಕಾರ್ಪೆಂಟರ್ ಎಂಬ ಚಿತ್ರಕಾರರು ಶ್ವೇತಭವನದಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ, ಅಬ್ರಹಾಂ ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆಯನ್ನು ಸಚಿವರೆದುರು ಓದುವ ದೊಡ್ಡ ಚಿತ್ರ ಬರೆದರು. ಲಿಂಕನ್ ಕಣ್ಣೆದುರೇ ಓಡಾಡುತ್ತಿದ್ದರೂ ಕಾರ್ಪೆಂಟರ್‌ಗೆ ಫೋಟೊ ಬೇಕಾಯಿತು. ಯುದ್ಧ ನಡೆಸುತ್ತಿರುವ ಅಧ್ಯಕ್ಷರು ಕದಲದೆ ಕೂರುವುದೆಂತು? ಆ ಫೆಬ್ರುವರಿ 9ರಂದು ಛಾಯಾಗ್ರಾಹಕ ಮ್ಯಾಥ್ಯೂ ಬ್ರಾಡಿಯವರ ಸ್ಟುಡಿಯೊದಲ್ಲಿ ಆಂಥೊನಿ ಬರ್ಜರ್ ತೆಗೆದ ಚಿತ್ರಗಳಲ್ಲೊಂದು ಮುಂದೆ ಅಮೆರಿಕದ ಐದು ಡಾಲರ್ ನೋಟಿಗೂ ಆಧಾರವಾಯಿತು. ಏಪ್ರಿಲ್‌ನಲ್ಲಿ ಶ್ವೇತಭವನದೊಳಗೇ ಕ್ಯಾಮೆರಾ ಹೂಡಿದಾಗ, ರಾಸಾಯನಿಕಗಳಿದ್ದ ಕೋಣೆಗೆ ಲಿಂಕನ್ನರ ಕಿರಿಮಗ ಟ್ಯಾಡ್ ಸಿಟ್ಟಿನಿಂದ ಬೀಗ ಹಾಕಿಬಿಟ್ಟ. ಬೀಗದ ಕೈ ತರಲು ಅಧ್ಯಕ್ಷರೇ ಎದ್ದು ಹೋಗಬೇಕಾಯಿತು.

ಫೋಟೊ ಎಲ್ಲಿ ನಿಲ್ಲುತ್ತದೆ, ಕಲಾವಿದರ ತೀರ್ಮಾನ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ 1954ರ ಚರ್ಚಿಲ್ ಪ್ರಸಂಗವೇ ಸಾಕ್ಷಿ. ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಸಂಸತ್ತು ಕೊಟ್ಟ ಭಾವಚಿತ್ರವನ್ನು ಬರೆದವರು ಗ್ರಹಾಂ ಸದರ್ಲೆಂಡ್. ಅವರು ಚರ್ಚಿಲ್ಲರ ಎದುರು ಕೂತು ರೇಖಾಚಿತ್ರಗಳನ್ನು ಮಾಡಿಕೊಂಡರು. ನೆರವಿಗೆ ಛಾಯಾಗ್ರಾಹಕಿ ಎಲ್ಸ್‌ಬೆತ್ ಜೂಡಾ ಫೋಟೊಗಳನ್ನು ತೆಗೆದರು. ಚರ್ಚಿಲ್‌ಗೆ ಚಿತ್ರ ಹಿಡಿಸಲಿಲ್ಲ, ಕೊನೆಗೆ ಅವರ ಪತ್ನಿ ಅದನ್ನು ನಾಶಮಾಡಿಸಿದರು. ಜೂಡಾ ಅವರ ಫೋಟೊಗಳು ಉಳಿದಿವೆ. ಅವು ಒದಗಿಸಿದ್ದು ಮುಖದ ಮಾಹಿತಿಯನ್ನು. ಆ ಮುದಿ ಸಿಂಹದ ದಣಿವನ್ನು ಎಷ್ಟು ತೋರಿಸಬೇಕೆಂದು ನಿರ್ಧರಿಸಿದವರು ಸದರ್ಲೆಂಡ್. ಆ ನಿರ್ಧಾರವನ್ನು ಲೆನ್ಸ್ ಮೊದಲೇ ಕಸಿದುಕೊಳ್ಳಬಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಅದಕ್ಕಾಗಿಯೇ ನಾನು ಮೂರು ಮೀಟರಿನಷ್ಟು ದೂರ ನಿಲ್ಲುತ್ತೇನೆ. ಹತ್ತಿರ ಹೋದರೆ ಮೂಗು ಹಿಗ್ಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಕ್ಯಾನ್ವಾಸಿನಲ್ಲಿ ಅದು ಬೇರೆಯವರ ಮುಖವಾಗುತ್ತದೆ. ಕ್ಯಾಮೆರಾ ಕಣ್ಣಿನ ಎತ್ತರದಲ್ಲೇ ಇರಬೇಕು. ಪಕ್ಷದ ಪೋಸ್ಟರಿಗೆಂದು ಕೆಳಗಿನಿಂದ ತೆಗೆಯುವ ಅಭ್ಯಾಸ ಇಲ್ಲಿ ಹಾನಿಕರ. ಬೆಳಕು ಒಂದೇ ಕಡೆಯಿಂದ, ಸಾಧ್ಯವಾದರೆ ದೊಡ್ಡ ಕಿಟಕಿಯಿಂದ ಬರಲಿ. ಎರಡು ದೀಪ ಇಟ್ಟರೆ ಕಣ್ಣಿನಲ್ಲಿ ಎರಡು ಹೊಳಪಿನ ಚುಕ್ಕೆ ಮೂಡಿ, ದೃಷ್ಟಿಯೇ ಚೆದರಿದಂತಾಗುತ್ತದೆ.

ನಮ್ಮ ನಾಯಕರ ಬಿಳಿ ಖಾದಿ ಬೇರೆಯದೇ ಸವಾಲು. ಕ್ಯಾಮೆರಾದ ಬೆಳಕಿನ ಅಳತೆಯನ್ನು ಮುಖಕ್ಕೆ ಹೊಂದಿಸಿದರೆ ಜುಬ್ಬಾದ ಮಡಿಕೆಗಳು ಬೆಳಕಿನಲ್ಲಿ ಕರಗಿಹೋಗುತ್ತವೆ, ಬಟ್ಟೆಗೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ. ಅವರನ್ನು ಕದಲಿಸದೆ ಎರಡಕ್ಕೂ ಬೇರೆ ಬೇರೆ ತೆಗೆಯಬೇಕು. ಬಣ್ಣ ತಾಳೆ ನೋಡುವ ಕಾರ್ಡನ್ನು ಗದ್ದದ ಬಳಿ ಹಿಡಿದು ಒಂದು, ಕನ್ನಡಕ ತೆಗೆಸಿ ಒಂದು, ಕೈಗಳದ್ದೇ ಹಲವು. ಕೈಗಳನ್ನು ಮರೆಯುವವರೇ ಹೆಚ್ಚು. ಕಲಾವಿದರು ಕೊನೆಗೆ ತಮ್ಮ ಸಹಾಯಕರ ಕೈಗಳನ್ನು ನೋಡಿ ಬರೆಯಬೇಕಾಗುತ್ತದೆ. ಶಲ್ಯವನ್ನು ಕೆಲವು ವಾರಗಳ ಮಟ್ಟಿಗೆ ಕೇಳಿ ಪಡೆಯುವುದು ಒಳ್ಳೆಯದು. ಜರಿಯ ಬಣ್ಣ ಯಾವ ಫೋಟೊದಲ್ಲೂ ಸರಿಯಾಗಿ ಬರುವುದಿಲ್ಲ.

ಸಿಗುವ ಸಮಯ ಕಡಿಮೆ. ಕ್ಯಾಮೆರಾ ಕಂಡೊಡನೆ ನಾಯಕರು ಪ್ರಚಾರದ ನಗೆ ತಂದುಕೊಳ್ಳುತ್ತಾರೆ. ಕಲಾವಿದರು ಪಕ್ಕದಲ್ಲಿ ಕೂತು ಊರಿನ ಮಳೆ, ಬೆಳೆಯ ಮಾತೆತ್ತಿದರೆ ಆ ನಗೆ ತಾನಾಗಿ ಇಳಿಯುತ್ತದೆ. ರಾಬರ್ಟ್ ಮೆಕರ್ಡಿ ಫೋಟೊ ಆಧರಿಸಿ ಬರೆದ ಬರಾಕ್ ಒಬಾಮ ಅವರ ಭಾವಚಿತ್ರ 2022ರಲ್ಲಿ ಶ್ವೇತಭವನದಲ್ಲಿ ಅನಾವರಣಗೊಂಡಿತು. ಬಿಳಿ ಹಿನ್ನೆಲೆಯಲ್ಲಿ ನಗುವಿಲ್ಲದ ನೇರ ನೋಟ. ನರೆಗೂದಲನ್ನು ಮರೆಮಾಚಲಿಲ್ಲ, ಕಿವಿ ಚಿಕ್ಕದು ಮಾಡಿ ಎಂದರೂ ಕೇಳಲಿಲ್ಲ ಎಂದು ಒಬಾಮ ಅಂದು ನಗುತ್ತ ದೂರಿದ್ದರು.

ತೀರಿಕೊಂಡವರ ಚಿತ್ರ ಬರೆಯುವಾಗ ಕಷ್ಟ ಇಮ್ಮಡಿ. ಒಂದು ಫೋಟೊದ ಕಣ್ಣು, ಇನ್ನೊಂದರ ಬಾಯಿ ಜೋಡಿಸಿದರೆ ಬೆಳಕಿನ ದಿಕ್ಕು ತಾಳೆಯಾಗದೆ ಮುಖ ಒಡೆಯುತ್ತದೆ. ಒಂದನ್ನೇ ಮೂಲವಾಗಿ ಇಟ್ಟುಕೊಂಡು ಉಳಿದವನ್ನು ಅನುಮಾನ ಬಂದಾಗ ಮಾತ್ರ ನೋಡಬೇಕು. ಭಾವಚಿತ್ರ ಬರೆಸುವ ಕಚೇರಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ಕಳುಹಿಸಬೇಡಿ, ಮನೆಯವರ ಆಲ್ಬಮ್ಮಿನ ಮೂಲ ಪ್ರಿಂಟನ್ನೋ ನೆಗೆಟಿವ್ವನ್ನೋ ಹುಡುಕಿಸಿ ಸ್ಕ್ಯಾನ್ ಮಾಡಿಸಿ. ಹಳೆಯ ಚಿತ್ರವನ್ನು ಸ್ಪಷ್ಟಗೊಳಿಸುತ್ತೇವೆ ಎನ್ನುವ ತಂತ್ರಾಂಶಗಳು, ಇಲ್ಲದ ರೆಪ್ಪೆಯನ್ನೂ ಇಲ್ಲದ ಸುಕ್ಕನ್ನೂ ತಾವೇ ಕಲ್ಪಿಸಿ ತುಂಬುತ್ತವೆ. ಆ ನಾಯಕರನ್ನು ಕಂಡವರು ಇನ್ನೂ ಊರಲ್ಲಿದ್ದಾರೆ, ನೋಡಿದ ಕೂಡಲೇ ಇದು ಅವರಲ್ಲ ಎಂದುಬಿಡುತ್ತಾರೆ.