ಬೇಸಿಗೆ ಮೇಳದ ಸ್ಟಾಲಿಗೆ ಎಷ್ಟು ಮಾಲು ತಗೊಂಡು ಹೋಗ್ಬೇಕು?

ಪ್ರಶ್ನೆ: ನಾನು ಮನೇಲೇ ಕ್ಯಾಂಡಲ್, ಸೋಪು, ಒಂದಷ್ಟು ರೆಸಿನ್ (ಅಚ್ಚಿಗೆ ಹುಯ್ದು ಗಟ್ಟಿ ಮಾಡೋ ಪ್ಲಾಸ್ಟಿಕ್ ಥರದ್ದು) ಓಲೆ ಮಾಡಿ ಮಾರ್ತೀನಿ. ಇಷ್ಟು ದಿನ ಬರೀ ಆನ್‌ಲೈನ್ ಆರ್ಡರ್. ಈ ಬೇಸಿಗೇಲಿ ಬಯಲಲ್ಲಿ ನಡೆಯೋ ಎರಡು ದಿನದ ಕಲಾ ಮೇಳದಲ್ಲಿ ಮೊದಲ ಸಲ ಸ್ಟಾಲ್ ಸಿಕ್ಕಿದೆ. ಎಷ್ಟು ಪೀಸ್ ಮಾಡಿಟ್ಕೊಳ್ಲಿ? ಕಮ್ಮಿ ಬಿದ್ರೆ ಅಂತಾನೂ ಭಯ, ರಾಶಿ ಉಳಿದ್ರೆ ಅಂತಾನೂ ಭಯ.

ಉತ್ತರ: ಸ್ಟಾಲ್ ಸಿಕ್ಕ ಕೂಡ್ಲೇ ಎಲ್ರ ತಲೇಲೂ ಬರೋದು ಇದೇ. ಇದಕ್ಕೊಂದು ಲೆಕ್ಕ ಇದೆ, ಈಗ್ಲೇ ಹೇಳ್ತೀನಿ, ಆದ್ರೆ ಬಯಲು ಮೇಳ ಅಂದ್ಮೇಲೆ ನಿಮ್ಮ ಲೆಕ್ಕದಿಂದ ಬಿಸಿಲು ತನ್ನ ಪಾಲು ಕಳೆದೇ ಕಳೆಯುತ್ತೆ, ಅದನ್ನ ಮೊದ್ಲೇ ಗಮನದಲ್ಲಿಟ್ಕೊಂಡು ಮಾಲು ಮಾಡಿ ಅನ್ನೋದೇ ನನ್ನ ಮಾತು.

ಮೊದ್ಲು ಲೆಕ್ಕ. ಕೈಕೆಲಸ ಮಾರೋರು ಬಳಸೋ ಒಂದು ಅಂದಾಜು ಏನಂದ್ರೆ, ಸ್ಟಾಲ್ ಫೀಸಿನ ಹತ್ತು ಪಟ್ಟು ವ್ಯಾಪಾರ ಆದ್ರೆ ಆ ಮೇಳ ಒಳ್ಳೇದು. ಇದೇನು ನಿಯಮ ಅಲ್ಲ, ಮೊದಲ ಸಲಕ್ಕೆ ಐದು ಪಟ್ಟು ಆದ್ರೂ ಬೇಜಾರು ಮಾಡ್ಕೊಬೇಡಿ, ಆದ್ರೆ ಮಾಲು ಮಾಡೋವಾಗ ಹತ್ತು ಪಟ್ಟು ಇಟ್ಕೊಂಡೇ ಹೊರಡಿ. ಫೀಸ್ 100 ಅಂದ್ಕೊಳಿ, ಗುರಿ 1000. ನಿಮ್ಮ ಹಳೇ ಆರ್ಡರ್‌ಗಳನ್ನ ನೋಡಿದ್ರೆ ಒಂದು ಬಿಲ್ ಸರಾಸರಿ ಎಷ್ಟಾಗುತ್ತೆ ಅಂತ ಗೊತ್ತಾಗುತ್ತೆ, ಅದು 25 ಅಂತಿಟ್ಕೊಂಡ್ರೆ 40 ಬಿಲ್ ಆಗ್ಬೇಕು, ಅಂದ್ರೆ ದಿನಕ್ಕೆ 20, ಒಬ್ಬರೇ ಕೂತ್ರೂ ಸುಧಾರಿಸಬಹುದು. ಮಾಲು ಮಾತ್ರ ಅದರ ಎರಡರಷ್ಟು ಬೇಕು, ಯಾಕಂದ್ರೆ ಕೊನೇ ನಾಕು ಪೀಸ್ ಉಳಿದಿರೋ ಟೇಬಲ್ ಹತ್ರ ಯಾರೂ ನಿಲ್ಲಲ್ಲ, ಆರಿಸ್ಕೊಳಕ್ಕೆ ಏನಾದ್ರೂ ಇದ್ರೇ ಜನ ಕೈ ಹಾಕೋದು. ಸೋ ಬಿಲ್ಲಿಗೊಂದು ಪೀಸ್ ಅಂತ ಹಿಡಿದ್ರೆ 80 ಪೀಸ್.

ಆ 80 ಎಲ್ಲಾ ಒಂದೇ ರೇಟಿಂದು ಆಗಬಾರದು. 10ರ ರೇಟಿಂದು 50, 40ರದು 25, 100ರದು 5 ಅಂತ ಹಂಚಿದ್ರೆ ಒಟ್ಟು 2000 ಆಗುತ್ತೆ, ಗುರಿಯ ಎರಡರಷ್ಟು, ಸರಾಸರಿ ಅದೇ 25. ಆ ದೊಡ್ಡ ಐದು ಪೀಸ್ ಮಾರಾಟ ಆಗ್ದೆ ಹೋದ್ರೂ ಪರ್ವಾಗಿಲ್ಲ, ದಾರೀಲಿ ಹೋಗೋರನ್ನ ನಿಲ್ಸೋ ಕೆಲಸ ಅವು ಮಾಡ್ತವೆ. ಸಣ್ಣವನ್ನಷ್ಟೇ ಇಡೋದು ನನಗಂತೂ ಸರಿ ಕಾಣಲ್ಲ, ದಿನವಿಡೀ ಕವರ್ ಕಟ್ಟಿ ಕಟ್ಟಿ ಸುಸ್ತಾಗೋದು ಬಿಟ್ರೆ ಫೀಸ್ ಹುಟ್ಟೋದೂ ಕಷ್ಟ.

ಈಗ ಬಿಸಿಲಿನ ಪಾಲು. ನಿಮ್ಮದು ಕ್ಯಾಂಡಲ್, ಸೋಪು, ರೆಸಿನ್ ಅಂದ್ರಿ, ಮೂರಕ್ಕೂ ಬಿಸಿಲು ಆಗಿ ಬರಲ್ಲ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗೋದು, ಅದು ತಡ್ಕೊಳುತ್ತೆ, ಆದ್ರೆ ಸೋಯಾ ಮೇಣ 50ರ ಆಸುಪಾಸಿಗೇ ಸೋಲಕ್ಕೆ ಶುರು ಮಾಡುತ್ತೆ, ಮಧ್ಯಾಹ್ನ ಬಿಸಿಲಲ್ಲಿ ನಿಲ್ಸಿದ ಉದ್ದ ಕ್ಯಾಂಡಲ್ ಪೂರ್ತಿ ಕರಗದೇ ಇದ್ರೂ ಮೆತ್ತಗಾಗಿ ಒಂದು ಕಡೆಗೆ ವಾಲುತ್ತೆ, ಅಷ್ಟಾದ್ರೆ ಅದನ್ನ ಮಾರಕ್ಕಾಗಲ್ಲ. ಗಾಜಿನ ಡಬ್ಬೀಲಿ ಹುಯ್ದಿದ್ದಾದ್ರೆ ಬಚಾವ್, ಆಕಾರ ಕೆಡಲ್ಲ, ಮೇಲೆ ಸ್ವಲ್ಪ ಎಣ್ಣೆ ಬೆವರಬಹುದು ಅಷ್ಟೆ, ಮುಚ್ಚಳ ಹಾಕಿಡಿ. ರೆಸಿನ್ ಕಥೆ ಇನ್ನೂ ಮೋಸ, ನೋಡಕ್ಕೆ ಗಾಜಿನ ಥರ ಗಟ್ಟಿ, ಆದ್ರೆ ಓಲೆಗೆ ಬಳಸೋ ಮಾಮೂಲಿ ಎಪಾಕ್ಸಿ ರೆಸಿನ್ 50 ಡಿಗ್ರಿ ಹತ್ರ ಬಂತಂದ್ರೆ ಬಗ್ಗುತ್ತೆ, ಚಪ್ಪಟೆ ಓಲೆಗಳನ್ನ ಒಂದರ ಮೇಲೊಂದು ಪೇರಿಸಿಟ್ರೆ ಸಂಜೆಗೆ ಡೊಂಕಾಗಿರ್ತವೆ. ಸೋಪಲ್ಲಿರೋ ಗ್ಲಿಸರಿನ್ ಗಾಳಿಯ ತೇವ ಎಳ್ಕೊಳುತ್ತೆ, ಸೆಖೆ ಇರೋ ದಿನ ಮೈಮೇಲೆಲ್ಲ ಹನಿ ಕೂರುತ್ತೆ. ಇನ್ನು ಲಿಪ್ ಬಾಮ್ ಥರದ್ದೇನಾದ್ರೂ ಜೊತೆಗೆ ಸೇರಿಸೋ ಯೋಚನೆ ಇದ್ರೆ ಬಿಟ್ಬಿಡಿ, ಅದಕ್ಕೆ ಹಾಕೋ ಕೊಬ್ಬರಿ ಎಣ್ಣೆ 24 ಡಿಗ್ರಿಗೆ, ಕೋಕೋ ಬಟರ್ 34ರಿಂದ 38ಕ್ಕೆ ನೀರಾಗೋ ಪದಾರ್ಥಗಳು.

ಇದಕ್ಕಿಂತ ದೊಡ್ಡ ಅಪಾಯ ಟೇಬಲ್ ಮೇಲೆ ಇಲ್ಲ, ಕಾರಲ್ಲಿದೆ. ಎಕ್ಸ್‌ಟ್ರಾ ಸ್ಟಾಕ್ ಕಾರಲ್ಲಿರ್ಲಿ ಅಂತ ಎಲ್ರೂ ಬಿಟ್ಟು ಬರ್ತಾರೆ, ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಂತ ಕಾರಿನ ಒಳಗಡೆ ಒಂದು ಗಂಟೇಲಿ ಹೊರಗಿಗಿಂತ ಸುಮಾರು 20 ಡಿಗ್ರಿ ಜಾಸ್ತಿ ಆಗುತ್ತೆ, ಹೊರಗೆ 32 ಇದ್ರೆ ಒಳಗೆ 50 ದಾಟಿತು ಅಂತಾಯ್ತು, ಮೇಲೆ ಬರೆದ ಸೋಯಾ ಮೇಣ, ರೆಸಿನ್ ಎರಡರದ್ದೂ ಮಿತಿ ಅಲ್ಲೇ ಮುಗೀತು. ಆ ಮಾಲನ್ನ ಟೇಬಲ್ ಕೆಳಗೆ ಬಟ್ಟೆ ಇಳಿಬಿಟ್ಟು ನೆರಳಲ್ಲಿ ಇಡಿ, ಸೂಕ್ಷ್ಮದ್ದನ್ನ ಕೂಲರ್ ಡಬ್ಬಿಯಲ್ಲಿ. ಟೇಬಲ್ ಮೇಲೆ ಪ್ರತಿ ಬಗೆಯದ್ದೂ ಒಂದೆರಡು ಸ್ಯಾಂಪಲ್ ಸಾಕು, ಗಿರಾಕಿ ಕೇಳಿದ್ರೆ ಕೆಳಗಿಂದ ಹೊಸದು ತೆಗೆದು ಕೊಡಿ. ಮೇಳಕ್ಕೆ ಮುಂಚೆ ಒಂದು ಮಧ್ಯಾಹ್ನ ಪ್ರತಿ ಬಗೆಯ ಒಂದೊಂದು ಪೀಸನ್ನ ಬಿಸಿಲಲ್ಲಿ ಇಟ್ಟು ನೋಡಿ, ಯಾವುದು ಸೋಲುತ್ತೋ ಅದನ್ನ ಆ 80ರ ಪಟ್ಟಿಯಿಂದ ಹೊಡೆದು ಹಾಕಿ, ಬದಲಿಗೆ ತಡೆಯೋದನ್ನ ಮಾಡಿ.

(ಬಟ್ಟೆ ಮಾರೋರೂ ಇದನ್ನ ಓದ್ತಿದ್ರೆ: ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತೆ, ಮಡಿಸಿಟ್ಟ ದುಪಟ್ಟಾದ ಮೇಲಿನ ಮಡಿಕೆ ಮಾತ್ರ ಪೇಲವ ಆಗಿರುತ್ತೆ, ಬಿಚ್ಚಿ ತೋರಿಸಿದಾಗ್ಲೇ ಗೊತ್ತಾಗೋದು. ಗಾಜಿನ ಗೋಲಿ, ಪಾರದರ್ಶಕ ಗುಂಡು ಮಾರೋರು ಅವನ್ನ ನೇರ ಬಿಸಿಲಿಗೆ ಇಡಲೇಬೇಡಿ, ಭೂತಗನ್ನಡಿ ಥರ ಬಿಸಿಲನ್ನ ಒಂದೇ ಚುಕ್ಕೀಗೆ ತಂದು ಟೇಬಲ್ ಬಟ್ಟೆ ಸುಟ್ಟುಬಿಡ್ತವೆ.)

ಸರಿ, ನೆರಳು ಬೇಕು ಅಂದ್ಮೇಲೆ ಟೆಂಟು. 10 ಅಡಿ ಉದ್ದ 10 ಅಡಿ ಅಗಲದ್ದು ಮಾಮೂಲಿ ಅಳತೆ, ಬಿಳಿ ಬಣ್ಣದ್ದೇ ತಗೊಳಿ, ನೀಲಿ ಟೆಂಟಿನ ಕೆಳಗೆ ಎಲ್ಲ ನೀಲಿ ಕಾಣುತ್ತೆ, ಓಲೆ ಹಾಕ್ಕೊಂಡು ಕನ್ನಡಿ ನೋಡೋರಿಗೆ ತಮ್ಮ ಮುಖಾನೇ ಹುಷಾರಿಲ್ಲದವರ ಥರ ಕಂಡ್ರೆ ಓಲೆ ಎಲ್ಲಿ ತಗೊಳ್ತಾರೆ. ಟೆಂಟ್ ಹಾಕಿ ಕೈ ತೊಳ್ಕೊಳ್ಳೋ ಹಾಗಿಲ್ಲ, ಗಾಳಿ ಬೀಸಿದ್ರೆ ಅದು ಹಾರುತ್ತೆ, ನಿಮ್ಮ ಮಾಲಿನ ಜೊತೆ ಪಕ್ಕದವರ ಮಾಲೂ ಒಡೆಯುತ್ತೆ. ಒಂದೊಂದು ಕಾಲಿಗೆ ಸುಮಾರು 18 ಕೆಜಿ ತೂಕ ಕಟ್ಟೋದು ರೂಢಿ, ಬಹಳ ಮೇಳಗಳಲ್ಲಿ ಕಡ್ಡಾಯ ಕೂಡ, ಟಾರು ರಸ್ತೆ ಅಥವಾ ಪಾರ್ಕಿನ ಹುಲ್ಲಿದ್ರೆ ಗೂಟ ಹೊಡೆಯಕ್ಕೆ ಎಷ್ಟೋ ಕಡೆ ಬಿಡಲ್ಲ. 20 ಲೀಟರ್ ಕ್ಯಾನಿಗೆ ನೀರು ತುಂಬಿದ್ರೆ 20 ಕೆಜಿ ಆಯ್ತು, ಅಲ್ಲೇ ನೀರು ಸಿಗೋದಾದ್ರೆ ಹೊರೋ ತಾಪತ್ರಯವೂ ಇಲ್ಲ. ಪದೇ ಪದೇ ಮೇಳ ಮಾಡೋರು 4 ಇಂಚಿನ ಪಿವಿಸಿ ಪೈಪನ್ನ ಒಂದು ಮೀಟರ್ ಕತ್ತರಿಸಿ ಕಾಂಕ್ರೀಟ್ ತುಂಬ್ಕೊಳ್ತಾರೆ, ಒಂದೊಂದೂ 19 ಕೆಜಿ ಹತ್ರ ತೂಗುತ್ತೆ, ಕಾಲಿಗೆ ಅಂಟ್ಕೊಂಡು ನಿಲ್ಲುತ್ತೆ, ಯಾರ ಕಾಲಿಗೂ ತೊಡರಲ್ಲ. ಹಗ್ಗವನ್ನ ಮಾತ್ರ ಫ್ರೇಮಿನ ಮೇಲಿನ ಮೂಲೆಗೆ ಕಟ್ಟಿ, ಬರೀ ಕೆಳಗಡೆ ಕಾಲಿಗೆ ಕಟ್ಟಿದ್ರೆ ಗಾಳಿಗೆ ಮೇಲಿನ ಭಾಗ ಎದ್ದು ಕಾಲು ಮುರಿಯುತ್ತೆ.

ಇನ್ನೊಂದು ವಿಷ್ಯ ಜಾಸ್ತಿ ಜನ ಯೋಚ್ನೇನೇ ಮಾಡಲ್ಲ. ಟೇಬಲನ್ನ ಟೆಂಟಿನ ಅಂಚಿಗೇ ತಂದು ಇಡ್ತಾರೆ, ಮಾರೋರು ನೆರಳಲ್ಲಿ, ಕೊಳ್ಳೋರು ಸುಡೋ ಬಿಸಿಲಲ್ಲಿ. ಅರ್ಧ ನಿಮಿಷ ನೋಡಿ "ಚೆನ್ನಾಗಿದೆ" ಅಂದು ಮುಂದೆ ಹೋಗ್ತಾರೆ, ಆಮೇಲೆ ನಾವು ರೇಟ್ ಜಾಸ್ತಿ ಆಯ್ತೇನೋ ಅಂತ ತಲೆ ಕೆಡಿಸ್ಕೊಳೋದು. ಟೇಬಲನ್ನ ಎರಡು ಮೂರು ಅಡಿ ಒಳಗೆ ಎಳೀರಿ, ಗಿರಾಕಿಗೂ ನೆರಳು ಸಿಗಲಿ, ನೆರಳಲ್ಲಿ ನಿಂತವರು ಕೈಗೆತ್ಕೊಂಡು ನೋಡ್ತಾರೆ, ಕೈಗೆತ್ಕೊಂಡವರಲ್ಲೇ ತಗೊಳೋರು ಇರೋದು. ಜಾಗ ಆರಿಸ್ಕೊಳ್ಳೋ ಅವಕಾಶ ಇದ್ರೆ ಪಶ್ಚಿಮಕ್ಕೆ ಬಾಯಿ ಇರೋ ಸ್ಟಾಲ್ ಬೇಡ ಅನ್ನಿ, ಮಧ್ಯಾಹ್ನದ ಮೇಲೆ ಬಿಸಿಲು ನೇರ ಒಳಗೇ ನುಗ್ಗುತ್ತೆ. ಅದೇ ಸಿಕ್ಕಿಬಿಟ್ರೆ ಮುಂದೆ ಇಳಿಬಿಡಕ್ಕೆ ಒಂದು ಬಿಳಿ ಪರದೆ ತಗೊಂಡ್ಹೋಗಿ.

ದುಡ್ಡು ತಗೊಳೋ ವಿಚಾರ ಬೇಗ ಮುಗಿಸ್ತೀನಿ. ಜಿಮ್ ಮೆಕೆಲ್ವಿ ಅನ್ನೋ ಗಾಜಿನ ಕಲಾವಿದ ಗಿರಾಕಿಯ ಕಾರ್ಡ್ ತಗೊಳಕ್ಕಾಗದೆ ಒಂದು ಮಾರಾಟ ಕಳ್ಕೊಂಡ್ರು, ಆ ಸಿಟ್ಟಲ್ಲೇ ಟ್ವಿಟರ್ ಕಟ್ಟಿದವರಲ್ಲೊಬ್ಬರಾದ ಜ್ಯಾಕ್ ಡಾರ್ಸಿ ಜೊತೆ ಸೇರಿ 2009ರಲ್ಲಿ ಸ್ಕ್ವೇರ್ ಅನ್ನೋ ಪೇಮೆಂಟ್ ಕಂಪನಿ ಶುರು ಮಾಡಿದ್ರು, ಫೋನಿಗೆ ಸಿಕ್ಕಿಸೋ ಕಾರ್ಡ್ ರೀಡರ್ ಬಂದಿದ್ದು ಹಾಗೆ. ಸೋ ಫೋನಲ್ಲಿ ಪೇಮೆಂಟ್ ಇರ್ಲೇಬೇಕು. ಆದ್ರೆ ಐಫೋನಿಗೆ ಆ್ಯಪಲ್ ಹೇಳಿರೋ ಮಿತಿನೇ 35 ಡಿಗ್ರಿ, ಬಿಸಿಲಲ್ಲಿ ಟೇಬಲ್ ಮೇಲೆ ಬಿಟ್ರೆ ಸ್ಕ್ರೀನ್ ಮಂಕಾಗಿ ಕೊನೆಗೆ ಆಫ್ ಆಗುತ್ತೆ, ಜನ ಜಾಸ್ತಿ ಆದಾಗ ನೆಟ್‌ವರ್ಕೂ ಕೈ ಕೊಡುತ್ತೆ. ಫೋನ್ ನೆರಳಲ್ಲಿರ್ಲಿ, ಜೊತೆಗೆ ಚಿಲ್ಲರೆ ಇರ್ಲಿ.

ಎರಡನೇ ದಿನ ಸಂಜೆ ಮಾಲು ಉಳಿದಿದ್ರೆ ಅರ್ಧ ರೇಟಿಗೆ ಕೊಟ್ಟು ಕೈ ತೊಳ್ಕೊಳೋ ಆಸೆ ಆಗುತ್ತೆ, ನಾನಾದ್ರೆ ಮಾಡಲ್ಲ, ಬೆಳಿಗ್ಗೆ ಪೂರ್ತಿ ರೇಟ್ ಕೊಟ್ಟು ತಗೊಂಡವರು ಅದೇ ದಾರೀಲಿ ವಾಪಸ್ ಬರ್ತಿರ್ತಾರೆ. ಬಿಸಿಲಿಗೆ ಎರಡು ದಿನ ಕೂತ ಸ್ಯಾಂಪಲ್‌ಗಳನ್ನ ಮಾತ್ರ ಬೇರೆ ಬುಟ್ಟೀಲಿ ಹಾಕಿ, ಸ್ಯಾಂಪಲ್ ಅಂತ ಚೀಟಿ ಬರೆದು ಕಮ್ಮಿಗೆ ಕೊಡಿ. ಉಳಿದದ್ದು ಟೇಬಲ್ ಕೆಳಗಿನ ಡಬ್ಬೀಲಿ ಹೊಸದಾಗೇ ಇದೆ, ಅದನ್ನ ಎಣಿಸಿ ಯಾವ ರೇಟಿಂದು ಎಷ್ಟು ಹೋಯ್ತು ಅಂತ ಅಲ್ಲೇ ಬರ್ಕೊಳಿ, ಮುಂದಿನ ಮೇಳಕ್ಕೆ ಆ 50-25-5ನ್ನ ತಿದ್ದಕ್ಕೆ ಬೇಕಾಗೋದು ಆ ಲೆಕ್ಕಾನೇ.